ಮೂರು ಮಡಿಕೆಯ ಚೀಟಿ

ನಲವತ್ತೇಳನೇ ಕ್ಷೇತ್ರ ಇನ್ನು ಇರುವುದಿಲ್ಲ ಎಂಬ ಸುದ್ದಿಯನ್ನು ಟೈಲರಮ್ಮನ ಕಿವಿಗೆ ಹಾಕಿದವನು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದ ತಾಲ್ಲೂಕು ಕಚೇರಿಯ ಗುಮಾಸ್ತ. ಅವನು ಸ್ಟೂಲಿನ ಮೇಲೆ ನಿಂತಿದ್ದ. ಅವಳು ಕೆಳಗೆ ಮಂಡಿಯೂರಿ, ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಅವನ ಹಿಮ್ಮಡಿಯ ಹತ್ತಿರ ಬಟ್ಟೆ ಮಡಚುತ್ತಿದ್ದಳು.

"ಗೊತ್ತಾಯ್ತಾ ಅಮ್ಮ? ನಮ್ಮ ನಲವತ್ತೇಳು ಹೋಯ್ತು. ಮೂರು ಚೂರು ಮಾಡಿ ಅಕ್ಕಪಕ್ಕದವರಿಗೆ ಹಂಚಿಬಿಟ್ರು. ಆಚೆ ದಡ ಒಬ್ಬರಿಗೆ, ಮೇಲಿನ ಹಳ್ಳಿಗಳು ಇನ್ನೊಬ್ಬರಿಗೆ, ನಮ್ಮ ಪೇಟೆ ನಲವತ್ತಾರಕ್ಕೆ."

ಬಾಯಲ್ಲಿ ಪಿನ್ನು ಇದ್ದುದರಿಂದ ಅವಳು "ಹ್ಞೂಂ" ಎಂದಳು ಅಷ್ಟೇ. ಆದರೆ ಕೈ ಒಂದು ಗಳಿಗೆ ನಿಂತಿತು. ಗುಮಾಸ್ತ ಹೋದ ಮೇಲೆ ನೋಡಿದರೆ ಎಡಗಾಲನ್ನು ಬಲಗಾಲಿಗಿಂತ ಅರ್ಧ ಇಂಚು ಹೆಚ್ಚಿಗೆ ಮಡಚಿದ್ದಳು. ನಲವತ್ತು ವರ್ಷದ ಕಸುಬಿನಲ್ಲಿ ಇಂಥ ತಪ್ಪು ಎಷ್ಟು ಸಲ ಆಗಿತ್ತೆಂದು ಬೆರಳಲ್ಲಿ ಎಣಿಸಬಹುದಿತ್ತು.

ಕ್ಷೇತ್ರಕ್ಕೆ ಉದ್ದನೆಯ ಅಧಿಕೃತ ಹೆಸರೊಂದಿತ್ತು, ಆದರೆ ಅದನ್ನು ಹೇಳುತ್ತಿದ್ದುದು ಚುನಾವಣಾಧಿಕಾರಿಗಳು ಮಾತ್ರ. ಜನರ ಬಾಯಲ್ಲಿ ಅದು ನಲವತ್ತೇಳು. "ನಾವು ನಲವತ್ತೇಳರವರು" ಎಂದು ಬೇರೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹೇಳಿದರೆ, ಎದುರಿನವರು ಜಾಗ ಬಿಟ್ಟು ಕೂರಿಸುವರು ಇಲ್ಲವೆ ಮೂಗು ಮುರಿಯುವರು, ಎರಡರಲ್ಲೊಂದು ಖಂಡಿತ. ಅರವತ್ತೆರಡು ವರ್ಷದ ಹಿಂದೆ ರಾಜಧಾನಿಯಲ್ಲಿ ಯಾರೋ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದಾಗ ಇದು ಹುಟ್ಟಿತು. ತಲೆಯೆಣಿಕೆಗೆ ಸಾಲದೆಂದು ಹೊಳೆಯ ಈಚೆ ದಡದ ಪೇಟೆಯನ್ನೂ ಆಚೆ ದಡದ ಹಳ್ಳಿಗಳನ್ನೂ ಒಟ್ಟಿಗೆ ಕಟ್ಟಿದ್ದರು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದ ಎರಡು ದಡಗಳು. ಆಚೆಯವರ ಪ್ರಕಾರ ಈಚೆಯವರು ಬಾಯಿಬಡುಕರು, ಈಚೆಯವರ ಪ್ರಕಾರ ಆಚೆಯವರು ಮೊಂಡರು. ನಡುವೆ ಒಂದು ದೋಣಿ. ದೋಣಿಯವನು ಎರಡೂ ಕಡೆಯವರ ಬೈಗುಳ ಕೇಳಿ ಕೇಳಿ ಕಿವುಡನಂತೆ ನಟಿಸುವುದನ್ನು ಕಲಿತಿದ್ದ.

ಮೊದಲ ಪ್ರತಿನಿಧಿ ರಾಜಧಾನಿಯ ವಕೀಲ. ಅವರು ಕ್ಷೇತ್ರಕ್ಕೆ ಬಂದದ್ದು ಎರಡು ಸಲ: ಒಮ್ಮೆ ವೋಟು ಕೇಳಲು, ಇನ್ನೊಮ್ಮೆ ಬೇರೆಲ್ಲಿಗೋ ಹೋಗುತ್ತಿದ್ದಾಗ ಕಾರು ಕೆಟ್ಟು. ಎರಡನೆಯವರು ನಿವೃತ್ತ ಸೈನ್ಯಾಧಿಕಾರಿ, ಮೀಸೆ ಯಜಮಾನರು. ಪೇಟೆಯಿಂದ ಹೊಳೆಯವರೆಗಿನ ರಸ್ತೆಯ ಎರಡೂ ಬದಿಯಲ್ಲಿ ಮರ ನೆಡಿಸಿದವರು ಅವರೇ. ಸಾಲಿನಲ್ಲಿ ಒಂದೊಂದು ಮರವೂ ಅಟೆನ್ಷನ್ನಿನಲ್ಲಿ ನಿಂತಂತೆ ಈಗಲೂ ನೆಟ್ಟಗಿದೆ. ಮೂರನೆಯವರನ್ನು ಆರಿಸಿದ್ದು ಮತದಾರರಲ್ಲ, ಟೈಲರಮ್ಮ. ಆಗ ಅವಳಿಗೆ ಒಂಬತ್ತು ವರ್ಷ.

ಈ ಕಥೆಯನ್ನು ಪೇಟೆಯಲ್ಲಿ ಕೇಳದವರಿಲ್ಲ. ಅವಳ ಗಂಡ, ಕಾಗದ ಹಂಚಿ ನಿವೃತ್ತನಾದ ಅಂಚೆಯವನು, ಮದುವೆಯಾದ ಹೊಸದರಲ್ಲಿ ಹೋದ ಮನೆಯಲ್ಲೆಲ್ಲ "ನಮ್ಮವಳು ಶಾಸಕರನ್ನೇ ಮಾಡಿದವಳು" ಎಂದು ಎದೆ ಉಬ್ಬಿಸಿ ಹೇಳುತ್ತಿದ್ದ. ಅತ್ತೆ ಮಾತ್ರ "ಮಾಡೋದು ಮಾಡಿದೆ, ಒಳ್ಳೆಯವನನ್ನ ಮಾಡಬಾರದಿತ್ತೇನೇ" ಎಂದು ಸಾಯುವವರೆಗೂ ಗೊಣಗಿದರು. ಪೇಟೆಯವರು ಅವಳಿಗೆ 'ಚೀಟಿ' ಎಂದೇ ಅಡ್ಡಹೆಸರಿಟ್ಟಿದ್ದರು. ಅಂಗಡಿ ತೆರೆದ ಮೇಲೆ ಅದು ಚೀಟಿ ಟೈಲರಮ್ಮ ಆಯಿತು, ಈಗ ಬರೀ ಟೈಲರಮ್ಮ.

ಆದ್ದರಿಂದ ಕಾಲೇಜಿನ ಮೇಡಂ ಒಬ್ಬರು ಅಂಗಡಿ ಹುಡುಕಿಕೊಂಡು ಬಂದದ್ದು ಯಾರಿಗೂ ಆಶ್ಚರ್ಯವಾಗಲಿಲ್ಲ. ಇತಿಹಾಸ ಕಲಿಸುವವರು, ಮೂವತ್ತು ದಾಟಿರದ ಹೆಣ್ಣುಮಗಳು. ಕ್ಷೇತ್ರ ಮುಳುಗುವ ಮೊದಲು ಅದರ ಚರಿತ್ರೆಯನ್ನು ಒಂದು ಪುಸ್ತಕವಾಗಿ ತರಬೇಕೆಂದು ಕಾಲೇಜಿನವರು ತೀರ್ಮಾನಿಸಿದ್ದರು. ಆಕೆ ಮಿಷನ್ನಿನ ಪಕ್ಕದ ಮೇಜಿನ ಮೇಲೆ, ಕತ್ತರಿಸಿದ ತೋಳುಗಳ ರಾಶಿಯ ನಡುವೆ, ಫೋನನ್ನು ಮಲಗಿಸಿ ರೆಕಾರ್ಡ್ ಒತ್ತಿದರು.

ಬುಡ್ಡಿಯೂ ಅಲ್ಲೇ ಇದ್ದಳು. ಬುಡ್ಡಿ ಎಂದರೆ ಟೈಲರಮ್ಮನ ಗೆಳತಿ, ಸೋಡಾ ಕಾರ್ಖಾನೆಯ ಯಜಮಾನಿ. ಬಾಟಲಿಯ ಹಾಗೆ ಗಿಡ್ಡಗೆ, ಭುಜ ಇಳಿಜಾರಾಗಿ ಇದ್ದುದರಿಂದ ಚಿಕ್ಕಂದಿನಲ್ಲೇ ಆ ಹೆಸರು ಬಿದ್ದಿತ್ತು. ದಿನಾ ಮಧ್ಯಾಹ್ನ ಕಾರ್ಖಾನೆಯನ್ನು ಸೊಸೆಗೆ ಒಪ್ಪಿಸಿ ಬಂದು, ಟೈಲರಮ್ಮನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂರುವುದು ಅವಳ ವಾಡಿಕೆ. ಹೊಲಿಗೆ ಅಷ್ಟಕ್ಕಷ್ಟೇ. ಅವಳು ಹೋದ ಮೇಲೆ ಟೈಲರಮ್ಮ ಅರ್ಧ ಗುಂಡಿ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

"ಮೊದಲಿಂದ ಹೇಳಿ" ಎಂದರು ಮೇಡಂ.

ನೂರಾರು ಸಲ ಹೇಳಿದ್ದ ಕಥೆ. ಟೈಲರಮ್ಮ ಕಾಲು ಪೆಡಲಿನ ಮೇಲೆ ಇಟ್ಟುಕೊಂಡೇ ಶುರುಮಾಡಿದಳು.

ಮೂರನೇ ಚುನಾವಣೆಯಲ್ಲಿ ಇಬ್ಬರೇ ಹುರಿಯಾಳುಗಳು. ಆಚೆ ದಡದಿಂದ ಮಿಲ್ ಯಜಮಾನರು, ಗುರುತು ಏಣಿ. ಈಚೆ ದಡದಿಂದ ಬುಡ್ಡಿಯ ಅಪ್ಪ, ಸೋಡಾ ಯಜಮಾನರು, ಗುರುತು ಲಾಂದ್ರ. ಒಂದು ತಿಂಗಳು ಗೋಡೆಗಳ ಮೇಲೆ ಸುಣ್ಣ ಕಾಣಲಿಲ್ಲ, ಬರೀ ಏಣಿ, ಬರೀ ಲಾಂದ್ರ. ತಗಡಿನ ತುತ್ತೂರಿ ಕಟ್ಟಿದ ಜೀಪುಗಳು ಎದುರುಬದುರಾದಾಗ ರಸ್ತೆ ಬಿಡದೆ ಗಂಟೆಗಟ್ಟಲೆ ಒಂದರ ಮುಖಕ್ಕೆ ಇನ್ನೊಂದು ಕೂಗುತ್ತಿದ್ದವು. ಸೋಡಾ ಯಜಮಾನರು ಭಾಷಣದಲ್ಲಿ ಸೋಲುತ್ತಿದ್ದರು. "ಬಂಧುಗಳೇ" ಎಂದು ಶುರುಮಾಡಿ, ಮುಂದೇನು ಹೇಳಬೇಕೋ ತೋಚದೆ, "ಬಿಸಿಲು ಜಾಸ್ತಿ ಇದೆ, ಎಲ್ಲರೂ ಒಂದೊಂದು ಸೋಡಾ ಕುಡೀರಿ" ಎಂದು ಮುಗಿಸುವರು. ಜನಕ್ಕೆ ಅದೇ ಹಿಡಿಸಿತು.

ಎಣಿಕೆ ನಡೆದದ್ದು ಕಚೇರಿಯ ದೊಡ್ಡ ಹಾಲಿನಲ್ಲಿ. ಟೈಲರಮ್ಮನ ಅಪ್ಪ ಅಲ್ಲಿ ಜವಾನ. ಬೆಳಗಿನಿಂದ ಮೇಜುಗಳ ಮೇಲೆ ಕಾಗದ ಸುರಿದು, ಇಪ್ಪತ್ತೈದರ ಕಟ್ಟು ಕಟ್ಟಿ, ಮಧ್ಯಾಹ್ನ ಮೂರರ ಹೊತ್ತಿಗೆ ಮುಗಿಸಿ ನೋಡಿದರೆ ಏಣಿಗೆ ಒಂಬತ್ತು ಸಾವಿರದ ನಾನೂರ ಹದಿನೆಂಟು, ಲಾಂದ್ರಕ್ಕೂ ಒಂಬತ್ತು ಸಾವಿರದ ನಾನೂರ ಹದಿನೆಂಟು. ಮತ್ತೆ ಎಣಿಸಿದರು. ಅಷ್ಟೇ. ಮೂರನೇ ಸಲ ಎಣಿಸಿದರು. ಒಂದು ಎಳ್ಳಿನಷ್ಟೂ ಹೆಚ್ಚುಕಡಿಮೆ ಇಲ್ಲ. ಚುನಾವಣಾಧಿಕಾರಿ ಬೆವರು ಒರೆಸಿಕೊಂಡು ನಿಯಮದ ಪುಸ್ತಕ ತೆಗೆದರು. ಚೀಟಿ ಎತ್ತಬೇಕು ಎಂದು ಅಲ್ಲಿ ಬರೆದಿತ್ತು. ಯಾರು ಎತ್ತಬೇಕೆಂದು ಬರೆದಿರಲಿಲ್ಲ. ದೊಡ್ಡವರನ್ನು ಯಾರೂ ಒಪ್ಪಲಿಲ್ಲ. ಆಗ ಅಪ್ಪನಿಗೆ ಊಟದ ಡಬ್ಬಿ ತಂದು ಬಾಗಿಲ ಹತ್ತಿರ ನಿಂತಿದ್ದ ಅವಳು ಎಲ್ಲರ ಕಣ್ಣಿಗೆ ಬಿದ್ದಳು. ಜವಾನನ ಮಗಳು, ಯಾವ ಕಡೆಯವಳೂ ಅಲ್ಲ.

"ಅಪ್ಪ ಕಚೇರಿಯ ನೀರಿನ ಹೂಜಿ ಖಾಲಿ ಮಾಡಿ, ಒಳಗೆಲ್ಲ ತನ್ನ ಟವೆಲ್ಲಿನಿಂದ ಒರೆಸಿದ. ಅಧಿಕಾರಿ ಎರಡು ಚೀಟಿ ಬರೆದು, ಮಡಚಿ, ಅದರೊಳಗೆ ಹಾಕಿದ್ರು. ನಾನು ಕೈಹಾಕಿ ಒಂದು ತೆಗೆದೆ. ಅಧಿಕಾರಿ ಬಿಚ್ಚಿ ಓದಿದ್ರು. ಮಿಲ್ ಯಜಮಾನರ ಹೆಸರು. ಅಷ್ಟೇ ಮೇಡಂ. ಆಮೇಲೆ ಅವರು ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಅಂಗಳ ಎಲ್ಲಾ ಸುತ್ತಿದ್ರು."

"ಸೋತವರು ಏನಂದ್ರು?"

ಇದಕ್ಕೆ ಬುಡ್ಡಿ ಉತ್ತರ ಕೊಟ್ಟಳು. "ನಮ್ಮಪ್ಪನಾ? ಕನ್ನಡಕ ತೆಗೆದು ಒರೆಸಿಕೊಂಡ್ರಂತೆ. ಹೋಗಿ ಗೆದ್ದವರ ಕೈ ಕುಲುಕಿದ್ರು. ಆಮೇಲೆ ಇವಳಪ್ಪನ ಹತ್ತಿರ, ಮಗೂಗೆ ಬಿಸಿಲು ತಾಗುತ್ತೆ, ಕೆಳಗಿಳಿಸೋಕೆ ಹೇಳಪ್ಪ ಅಂದ್ರು."

ಮೇಡಂ ನಕ್ಕರು. ಆಮೇಲೆ, ಫೋನಿನ ಕಡೆ ಕೈ ಚಾಚುತ್ತ, ಹೋಗುವ ಮೊದಲು ಒಂದು ಮಾತು ಇರಲಿ ಎಂಬಂತೆ ಕೇಳಿದರು: "ಕೈಹಾಕಿದಾಗ ಯಾವುದು ಯಾರ ಚೀಟಿ ಅಂತ ನಿಮಗೇನಾದ್ರೂ ಗೊತ್ತಾಯ್ತಾ?"

ಐವತ್ತೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಟೈಲರಮ್ಮನ ಕಾಲು ಪೆಡಲಿನಿಂದ ಕೆಳಗಿಳಿಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಬುಡ್ಡಿ ದಾರ ಹಲ್ಲಲ್ಲಿ ಕಡಿದು, "ಒಂಬತ್ತು ವರ್ಷದ ಮಗೂಗೆ ಏನ್ರೀ ಗೊತ್ತಾಗುತ್ತೆ? ಒಳ್ಳೇ ಕೇಳ್ತೀರ" ಎಂದಳು. ಮೇಡಂ ಹೌದೆಂದು ತಲೆಯಾಡಿಸಿ ಹೊರಟುಹೋದರು.

ಅಂದು ಟೈಲರಮ್ಮ ಎರಡು ಸಲ ಸೂಜಿ ಮುರಿದಳು.

ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ತೆಗೆದಿದ್ದಳು.

ಎಣಿಕೆಗೆ ಎರಡು ದಿನ ಮುಂಚೆ ಅವಳೂ ಬುಡ್ಡಿಯೂ ಸೋಡಾ ಕಾರ್ಖಾನೆಯ ಹಿತ್ತಿಲಲ್ಲಿ ಖಾಲಿ ಪೆಟ್ಟಿಗೆಗಳ ಮೇಲೆ ಕೂತು ಕಾಲಾಡಿಸುತ್ತಿದ್ದರು. ಒಡೆದ ಬಾಟಲಿಯ ಹಸಿರು ಗಾಜಿನ ಚೂರನ್ನು ಕಣ್ಣಿಗೆ ಹಿಡಿದು ಬಿಸಿಲು ನೋಡುವುದು ಅವರ ಆಟ. ಆ ಚೂರಿನಲ್ಲಿ ಇಡೀ ಬೀದಿ ನೀರೊಳಗೆ ಮುಳುಗಿದ ಹಾಗೆ ಕಾಣುತ್ತಿತ್ತು. ಬುಡ್ಡಿ ಗಾಜು ಕೆಳಗಿಳಿಸದೆ ಹೇಳಿದಳು: "ಅಪ್ಪ ಗೆದ್ರೆ ನಾವು ರಾಜಧಾನಿಗೆ ಹೋಗ್ತೀವಿ ಕಣೇ. ಎಲ್ಲರೂ. ಮನೆ ಕೊಡ್ತಾರಂತೆ. ಅಮ್ಮ ಆಗಲೇ ಮೂರು ಟ್ರಂಕು ತುಂಬಿದ್ದಾಳೆ."

"ಮತ್ತೆ ಯಾವಾಗ ಬರ್ತೀರ?"

"ಬರಲ್ಲ."

ಟೈಲರಮ್ಮನಿಗೆ ಬೇರೆ ಗೆಳತಿಯರಿರಲಿಲ್ಲ. ಅಮ್ಮ ಮನೆಯಲ್ಲಿ ಕೂತು ಬೇರೆಯವರ ಬಟ್ಟೆ ಹೊಲಿಯುತ್ತಿದ್ದುದರಿಂದ ಶಾಲೆಯಲ್ಲಿ ಹುಡುಗಿಯರು "ನನ್ನ ಹಳೇ ಅಂಗಿ ಹಾಕ್ಕೊಂಡಿದ್ದೀಯ" ಎಂದು ಅಣಕಿಸುವರು. ಅಣಕಿಸದೆ ಪಕ್ಕದಲ್ಲಿ ಕೂರುತ್ತಿದ್ದವಳು ಬುಡ್ಡಿ ಒಬ್ಬಳೇ.

ಅಧಿಕಾರಿ ಚೀಟಿ ಬರೆಯುವಾಗ ಹಾಲಿನಲ್ಲಿದ್ದ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅವಳು ಮಾತ್ರ ಅಧಿಕಾರಿಯ ಬೆರಳು ನೋಡುತ್ತಿದ್ದಳು. ಅಮ್ಮನ ಪಕ್ಕ ಕೂತು ಬಟ್ಟೆ ಮಡಚುವುದನ್ನು ನೋಡಿ ನೋಡಿ ಬಂದ ಕಣ್ಣು ಅದು. ಮೊದಲು ಸೋಡಾ ಯಜಮಾನರ ಹೆಸರು, ಎರಡು ಮಡಿಕೆ. ಆಮೇಲೆ ಮಿಲ್ ಯಜಮಾನರ ಹೆಸರು, ಎರಡು ಮಡಿಕೆ. ಅಷ್ಟರಲ್ಲಿ ಅಧಿಕಾರಿಗೆ ಸೀನು ಬಂತು. ಎರಡು ಸಲ ಸೀನಿ, ಮೂಗು ಒರೆಸಿಕೊಂಡು, ಕೈಯಲ್ಲಿದ್ದ ಚೀಟಿಯನ್ನು ಮಡಚಿದ್ದೇನೋ ಇಲ್ಲವೋ ಎಂಬಂತೆ ಇನ್ನೊಂದು ಸಲ ಮಡಚಿ ಹೂಜಿಗೆ ಹಾಕಿದರು.

ಹೂಜಿಯ ಕತ್ತು ಕಿರಿದು. ಒಳಗೆ ತಣ್ಣಗಿತ್ತು. ಬೆರಳಿಗೆ ಮೊದಲು ಸಿಕ್ಕಿದ್ದು ತೆಳ್ಳಗಿನ, ಅಗಲದ ಚೀಟಿ. ಇದನ್ನು ಎತ್ತಿದರೆ ಮೂರು ಟ್ರಂಕು ಬಂಡಿ ಹತ್ತುತ್ತವೆ. ಅವಳು ಅದನ್ನು ಬಿಟ್ಟಳು. ಮೂಲೆಯಲ್ಲಿ ತಡಕಾಡಿ ದಪ್ಪಗಿನ, ಚಿಕ್ಕ ಚೀಟಿಯನ್ನು ಹುಡುಕಿ ತೆಗೆದಳು. ಇಷ್ಟು ಹೊತ್ತೇಕೆ ಎಂದು ಯಾರೋ ಕೇಳಿದರು. "ಸಿಗ್ತಾ ಇಲ್ಲ" ಎಂದಿದ್ದಳು.

ಆ ಸಂಜೆ ಬುಡ್ಡಿ ಟ್ರಂಕಿನ ಮೇಲೆ ಬೋರಲು ಮಲಗಿ ಅತ್ತಳು. ಅಪ್ಪ ಸೋತರೆಂದು ಅಳುತ್ತಿದ್ದಾಳೆಂದುಕೊಂಡು ಟೈಲರಮ್ಮ ಅವಳ ಬೆನ್ನು ಸವರುತ್ತ ಕೂತಿದ್ದಳು. ಮುಖ ಸಪ್ಪಗಿಟ್ಟುಕೊಂಡಿದ್ದರೂ ಒಳಗೆ ಮನಸ್ಸು ಕುಣಿಯುತ್ತಿತ್ತು. ಪಕ್ಕದ ಮನೆಯ ಅಜ್ಜಿ ಅವಳನ್ನು ಕಂಡಾಗಲೆಲ್ಲ "ಹಾಳು ಕೈ" ಎನ್ನುತ್ತಿದ್ದಳು. ಒಂದು ದಿನ ಸೋಡಾ ಯಜಮಾನರೇ ಬಂದು "ಮಗು ಕೈಹಾಕಿತು, ಅಷ್ಟೇ. ಇನ್ನೊಂದು ಸಲ ಆ ಮಾತು ಬೇಡ" ಎಂದು ಅಜ್ಜಿಯ ಬಾಯಿ ಮುಚ್ಚಿಸಿದರು. ಆಗ ಟೈಲರಮ್ಮನ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಂತಾಗಿತ್ತು.

ಮಿಲ್ ಯಜಮಾನರು ಮೂರು ಸಲ ಗೆದ್ದರು. ಎರಡನೇ ವರ್ಷವೇ ಹೊಳೆಗೆ ಸೇತುವೆ ಬಂತು, ಪೇಟೆಯ ಹತ್ತಿರವಲ್ಲ, ಎರಡು ಮೈಲಿ ಮೇಲೆ, ಅವರ ಮಿಲ್ಲಿನ ಬಾಗಿಲಿಗೆ. ಬಸ್ಸುಗಳು ಆ ಕಡೆ ತಿರುಗಿದವು. ಪೇಟೆಯ ದೊಡ್ಡ ಬೀದಿ ಸಣ್ಣ ಬೀದಿಯಾಯಿತು. ದೋಣಿಯವನು ದೋಣಿಯನ್ನು ಮಗುಚಿ ಹಾಕಿ ಮಿಲ್ಲಿನ ಕಾವಲಿಗೆ ಸೇರಿದ. ಸೋಡಾ ಕಾರ್ಖಾನೆಯ ಮೂರು ಯಂತ್ರಗಳಲ್ಲಿ ಎರಡು ನಿಂತವು. ಆದರೆ ಆಚೆ ದಡದಲ್ಲಿ ಆಸ್ಪತ್ರೆ ಎದ್ದದ್ದೂ ಅದೇ ಸೇತುವೆಯಿಂದ. ಟೈಲರಮ್ಮನ ಮಗ ಹುಟ್ಟಿದ್ದು ಅಲ್ಲೇ, ಕಾಲು ಮೊದಲಾಗಿ; ಬೇರೆಲ್ಲಾದರೂ ಆಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದಿದ್ದಳು ನರ್ಸಮ್ಮ. ಮುಂದೆ ದನದ ಡಾಕ್ಟರು ಗೆದ್ದರು. ಅವರಾದ ಮೇಲೆ ಬಸ್ ಕಂಡಕ್ಟರಾಗಿದ್ದ ಹೆಂಗಸೊಬ್ಬಳು ಗೆದ್ದು, ವಿಧಾನಸಭೆಯಲ್ಲಿ ನಲವತ್ತೇಳರ ಹಳ್ಳಿಗಳನ್ನೆಲ್ಲ ಸ್ಟಾಪು ಸ್ಟಾಪಾಗಿ ಒಂದೇ ಉಸಿರಿಗೆ ಹೇಳಿ ಮಂತ್ರಿಯನ್ನು ತಬ್ಬಿಬ್ಬು ಮಾಡಿದಳು. ಒಂದೊಂದು ಚುನಾವಣೆಗೂ ಟೈಲರಮ್ಮ ಬೂತಿನ ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಾಕಿಸಿಕೊಂಡು ಬರುತ್ತಿದ್ದಳು. ಉಳಿದವರಿಗೆ ಒಂದು ವೋಟು, ನನಗೆ ಆಗಲೇ ಒಂಬತ್ತು ಸಾವಿರ ಹಾಕಿ ಆಗಿದೆ ಎಂದು ಪ್ರತಿಸಲವೂ ಅನ್ನಿಸುತ್ತಿತ್ತು. ಯಾರೊಂದಿಗೂ ಅಂದಿರಲಿಲ್ಲ.

ಮೇಡಂ ಬಂದುಹೋದ ಮರುದಿನ ಬೆಳಗ್ಗೆ ಅವಳು ಅಂಗಡಿ ತೆರೆಯದೆ ನೇರ ಸೋಡಾ ಕಾರ್ಖಾನೆಗೆ ಹೋದಳು.

ಕಾರ್ಖಾನೆಯೆಂದರೆ ಉದ್ದನೆಯ ಒಂದು ಕೋಣೆ. ನೆಲ ಸದಾ ಒದ್ದೆ. ಗೋಡೆಗೆ ಒರಗಿದ ಗ್ಯಾಸ್ ಸಿಲಿಂಡರು, ಅದರಿಂದ ಸೀಸದ ಕೊಳವೆ, ತಿರುಗಿಸಿದಾಗ ಬಾಟಲಿಗಳು ತಲೆಕೆಳಗಾಗುವ ಕಬ್ಬಿಣದ ಯಂತ್ರ. ಬುಡ್ಡಿ ಸ್ಟೂಲಿನ ಮೇಲೆ ನಿಂತು, ತೊಟ್ಟಿಯಲ್ಲಿ ಬ್ರಷ್ಷಿನಿಂದ ಬಾಟಲಿ ತೊಳೆಯುತ್ತಿದ್ದಳು. ಸೊಸೆ ಹೊರಗೆ ಪೆಟ್ಟಿಗೆ ಜೋಡಿಸುತ್ತಿದ್ದಳು.

"ಏನೇ ಇಷ್ಟು ಬೇಗ? ನಿಮ್ಮ ಮನೆಯವರು ಮತ್ತೆ ಪಾತ್ರೆ ತಳ ಹತ್ತಿಸಿದ್ರಾ?"

"ಬುಡ್ಡಿ, ನಿನ್ನೆ ಮೇಡಂ ಕೇಳಿದ್ರಲ್ಲ."

"ಏನನ್ನ?"

"ಗೊತ್ತಿತ್ತಾ ಅಂತ. ಗೊತ್ತಿತ್ತು ಕಣೇ."

ಅಲ್ಲಿಂದ ಟೈಲರಮ್ಮ ನಿಲ್ಲಿಸಲಿಲ್ಲ. ಸೀನು, ಮೂರು ಮಡಿಕೆ, ತೆಳ್ಳಗಿನ ಚೀಟಿಯನ್ನು ಬಿಟ್ಟದ್ದು, ಎಲ್ಲ ಹೇಳಿದಳು. ಏಕೆ ಬಿಟ್ಟೆ ಎಂಬುದನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅದು ಎಷ್ಟು ಸಣ್ಣ ಕಾರಣವೆಂದು ಅವಳಿಗೇ ನಾಚಿಕೆಯಾಯಿತು. ಬುಡ್ಡಿಯ ಕೈಯಲ್ಲಿ ಬ್ರಷ್ಷು ಮೊದಲು ನಿಧಾನವಾಯಿತು, ಆಮೇಲೆ ನಿಂತಿತು.

"ನಾನು ಯಾಕೆ ಅತ್ತೆ ಅಂತ ಗೊತ್ತಾ ಅವತ್ತು?" ಎಂದಳು ಬುಡ್ಡಿ. ದನಿ ಬಹಳ ಸಣ್ಣಗಿತ್ತು. "ಅಪ್ಪ ಸೋತ್ರು ಅಂತಲ್ಲ. ಹೋಗೋದು ತಪ್ಪಿತಲ್ಲ ಅಂತ. ನನಗೆ ಹೋಗಬೇಕಿತ್ತು ಕಣೇ. ಆ ಊರಿನ ದೊಡ್ಡ ಶಾಲೆ, ಅಲ್ಲಿ ಮೂರು ಅಂತಸ್ತಿನ ಲೈಬ್ರರಿ ಇದೆ ಅಂತ ಅಪ್ಪ ಹೇಳಿದ್ರು. ಅದನ್ನ ನಾನು ಕನಸಲ್ಲಿ ನೋಡಿದ್ದೆ. ಮಹಡಿ ಹತ್ತಿದ್ದೆ." ಅವಳು ತನ್ನ ಕೈಗಳನ್ನು ನೋಡಿಕೊಂಡಳು. ನೀರಿನಲ್ಲಿದ್ದು ಇದ್ದು ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. "ಏಳನೇ ಕ್ಲಾಸಿಗೆ ಬಿಡಿಸಿ ಇಲ್ಲಿ ನಿಲ್ಲಿಸಿದ್ರು. ಯಂತ್ರ ನಿಂತು ಆಳು ಇಡೋಕಾಗ್ತಿರಲಿಲ್ಲ."

"ಬುಡ್ಡಿ..."

"ಐವತ್ತು ವರ್ಷ ನನ್ನ ಪಕ್ಕದಲ್ಲಿ ಕೂತಿದ್ದೀಯ ನೀನು. ನನ್ನ ಮದುವೆಗೆ ಬಟ್ಟೆ ಹೊಲಿದೆ. ಅಪ್ಪ ಹೋದಾಗ ಮೂರು ದಿನ ನಮ್ಮನೇಲೇ ಇದ್ದೆ. ಒಂದು ಸಲಾನೂ ಬಾಯಿ ಬರಲಿಲ್ವಾ ನಿನಗೆ? ಹೋಗು. ಈಗ ಹೋಗು."

ಟೈಲರಮ್ಮ ಬಾಗಿಲು ದಾಟುವಾಗ ಸೊಸೆ ಏನೋ ಕೇಳಿದಳು, ಅವಳಿಗೆ ಕೇಳಿಸಲಿಲ್ಲ.

ನಾಲ್ಕು ದಿನ ಬುಡ್ಡಿ ಬರಲಿಲ್ಲ. ಗುಂಡಿಯ ಡಬ್ಬಿ ಕಿಟಕಿಯಲ್ಲಿ ಹಾಗೇ ಇತ್ತು. ಟೈಲರಮ್ಮ ತಾನೇ ಗುಂಡಿ ಹೊಲಿದಳು. ಒಂದನ್ನೂ ಬಿಚ್ಚುವ ಅಗತ್ಯ ಬೀಳಲಿಲ್ಲ, ಕೆಲಸ ಬೇಗ ಬೇಗ ಮುಗಿಯಿತು. ಮಧ್ಯಾಹ್ನಗಳು ಮಾತ್ರ ಮುಗಿಯಲೊಲ್ಲವು. ಗಂಡ ಎರಡನೇ ದಿನವೇ ವಾಸನೆ ಹಿಡಿದ. ಮೂವತ್ತೈದು ವರ್ಷ ಜನರ ಬಾಗಿಲಲ್ಲಿ ಕಾಗದ ಕೊಟ್ಟು ಮುಖ ನೋಡಿದವನು.

"ಜಗಳನಾ?"

"ಜಗಳ ಆಗಿದ್ರೆ ಚೆನ್ನಾಗಿತ್ತು" ಎಂದು ಅವನಿಗೂ ಎಲ್ಲ ಹೇಳಿದಳು. ಅವನು ಗಲ್ಲ ಕೆರೆದುಕೊಂಡ. "ಹಾಗಾದ್ರೆ ನಾನು ಇಷ್ಟು ವರ್ಷ ಊರೆಲ್ಲಾ ಹೇಳ್ಕೊಂಡು ಬಂದಿದ್ದು ನಿಜ. ನೀನೇ ಶಾಸಕರನ್ನ ಮಾಡಿದ್ದು" ಎಂದ. ಅವಳು ಅಳತೆ ಟೇಪನ್ನು ಅವನ ಮೇಲೆ ಎಸೆದಳು. ಎಸೆದ ಮೇಲೆ ಅತ್ತಳು.

ಐದನೇ ದಿನ ಮಧ್ಯಾಹ್ನ, ಯಾವಾಗಲೂ ಬರುವ ಹೊತ್ತಿಗೆ ಸರಿಯಾಗಿ, ಬುಡ್ಡಿ ಅಂಗಡಿಯ ಮೆಟ್ಟಿಲು ಹತ್ತಿದಳು. ಕುರ್ಚಿ ಎಳೆದು ಕೂತಳು. ಗುಂಡಿ ಡಬ್ಬಿ ಮುಟ್ಟಲಿಲ್ಲ.

"ಕ್ಷಮಿಸಿದ್ದೀನಿ ಅಂತ ಹೇಳೋಕೆ ಬಂದಿಲ್ಲ ನಾನು" ಎಂದಳು.

"ಮತ್ತೆ?"

"ಮನೇಲಿ ಒಬ್ಳೇ ಕೂತು ಬೈದು ಬೈದು ಬೇಜಾರಾಯ್ತು. ಎದುರಿಗೇ ಬೈಯೋಣ ಅಂತ ಬಂದೆ."

"ಬೈ."

ಬುಡ್ಡಿ ಬೈದಳು. ಅರ್ಧ ಗಂಟೆ ಬೈದಳು. ಸ್ವಾರ್ಥಿ ಎಂದಳು, ಕಳ್ಳಿ ಎಂದಳು, ಬಾಯಿಗೆ ಬೀಗ ಹಾಕಿಕೊಂಡ ಗೂಬೆ ಎಂದಳು. ಮೂರನೇ ಕ್ಲಾಸಿನಲ್ಲಿ ತನ್ನ ಬಳಪ ಕದ್ದದ್ದೂ ಅವಳೇ ಇರಬೇಕೆಂದಳು. "ಬಳಪ ನಾನಲ್ಲ" ಎಂದಳು ಟೈಲರಮ್ಮ. "ಸುಮ್ನಿರು, ಇದರಲ್ಲಿ ಅದೂ ಸೇರಲಿ" ಎಂದಳು ಬುಡ್ಡಿ. ಅಳತೆ ಕೊಡಲು ಬಂದ ಇಬ್ಬರು ಬಾಗಿಲಲ್ಲೇ ನಿಂತು ಕೇಳಿ ವಾಪಸು ಹೋದರು. ಬೈಗುಳ ಖಾಲಿಯಾದ ಮೇಲೆ ಬುಡ್ಡಿ ನೀರು ಕೇಳಿ ಕುಡಿದಳು. ಆಮೇಲೆ ಬೀದಿಯ ಕಡೆ ನೋಡುತ್ತ, ತನ್ನಷ್ಟಕ್ಕೆ ತಾನೇ ಎಂಬಂತೆ ಮಾತಾಡಿದಳು.

"ಒಂದು ಯೋಚನೆ ಮಾಡ್ದೆ. ಹೋಗಿದ್ರೆ ಮೊದಲ ವರ್ಷ ನಿನಗೆ ಕಾಗದ ಬರೀತಿದ್ದೆ. ಎರಡನೇ ವರ್ಷ ಮರೆತುಬಿಡ್ತಿದ್ದೆ. ನಿಜ ಹೇಳ್ತೀನಿ. ನನ್ನ ಬುದ್ಧಿ ನನಗೆ ಗೊತ್ತು."

"ಅದೇ ಹೆದರಿಕೆ ಇತ್ತು ನನಗೆ."

"ಇತ್ತಲ್ಲ? ಹೆದರಿದ್ದು ಸರಿಯಾಗೇ ಇತ್ತು. ಮಾಡಿದ್ದು ತಪ್ಪು." ಬುಡ್ಡಿ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. "ಅಪ್ಪನಿಗೆ ಮಾತ್ರ ಒಳ್ಳೇದೇ ಆಯ್ತೇನೋ. ಬಂಧುಗಳೇ ಅಂದು ಮುಂದೆ ಏನು ಹೇಳ್ತಿದ್ರು ಅಲ್ಲಿ ಹೋಗಿ? ಮಂತ್ರಿಗಳೆಲ್ಲ ಒಂದೊಂದು ಸೋಡಾ ಕುಡೀರಿ ಅಂತಲಾ?"

ಮೊದಲು ನಕ್ಕವಳು ಯಾರು ಎಂಬುದರ ಬಗ್ಗೆ ಆಮೇಲೆ ಇಬ್ಬರಲ್ಲೂ ಒಮ್ಮತವಿರಲಿಲ್ಲ. ನಗು ಬಂದದ್ದು ನಿಜ. ಟೈಲರಮ್ಮ ಮಿಷನ್ನಿನ ಮೇಲೆ ತಲೆಯಿಟ್ಟು ನಕ್ಕಳು. ಕತ್ತರಿಸಿಟ್ಟ ಕಾಲರಿನ ಮೇಲೆ ಕಣ್ಣೀರು ಬಿದ್ದು ಕಲೆಯಾಯಿತು.

ಹಾಗೆಂದು ಎಲ್ಲ ಮೊದಲಿನಂತಾಯಿತು ಎಂದಲ್ಲ. ಕೆಲವು ಮಧ್ಯಾಹ್ನ ಬುಡ್ಡಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿಬಿಡುತ್ತಿದ್ದಳು. ಆಗ ಟೈಲರಮ್ಮ ಏನೂ ಕೇಳದೆ ಹೊಲಿಗೆ ಮುಂದುವರಿಸುವಳು. ಒಂದು ಗಳಿಗೆಯ ಮೇಲೆ ಬುಡ್ಡಿಯೇ "ಆ ದಾರ ಕೊಡು" ಎನ್ನುವಳು.

ಮೇಡಂ ಪುಸ್ತಕದ ಅಚ್ಚಿನ ಕರಡು ತೋರಿಸಲು ಮತ್ತೆ ಬಂದಾಗ ಟೈಲರಮ್ಮ ಕನ್ನಡಕ ಹಾಕಿಕೊಂಡು ತನ್ನ ಪುಟ ಓದಿದಳು. 'ಏನೂ ಅರಿಯದ ಮಗುವಿನ ಕೈ' ಎಂದು ಬರೆದಿತ್ತು.

"ಇದು ಸುಳ್ಳು ಮೇಡಂ. ತಿದ್ದಿ" ಎಂದಳು.

ನಡೆದದ್ದನ್ನು ಕೇಳಿ ಮೇಡಂ ಪೆನ್ನು ಕೆಳಗಿಟ್ಟರು. "ಇದನ್ನ ಹಾಕಿದ್ರೆ ತೊಂದರೆ ಆಗಲ್ವಾ? ಯಾರಾದ್ರೂ ಕೇಸು ಗೀಸು..."

"ಯಾರ ಮೇಲೆ ಹಾಕ್ತಾರೆ?" ಎಂದಳು ಬುಡ್ಡಿ. "ಗೆದ್ದವರಿಲ್ಲ, ಸೋತವರಿಲ್ಲ, ಮುಂದಿನ ತಿಂಗಳಿಂದ ಕ್ಷೇತ್ರಾನೂ ಇಲ್ಲ. ಬರೀರಿ. ಆದ್ರೆ ನಮ್ಮಪ್ಪನ ಗುರುತು ಲಾಂದ್ರ, ನೀವು ಲಾಟೀನು ಅಂತ ಹಾಕಿದ್ದೀರ."

"ಎರಡೂ ಒಂದೇ ಅಲ್ವಾ?"

"ಒಂದೇ ಇರಬಹುದು. ಗೋಡೆ ಮೇಲೆ ಬರೆದಿದ್ದು ಲಾಂದ್ರ ಅಂತ."

ಪುಸ್ತಕ ಬಂತು. ಪೇಟೆಯಲ್ಲಿ ಎಂಟು ದಿನ ಅದೇ ಮಾತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸೇತುವೆ ಎಲ್ಲಿ ಆಗಬೇಕಿತ್ತು, ಆಸ್ಪತ್ರೆ ಎಲ್ಲಿ ಬರುತ್ತಿತ್ತು ಎಂದು ಬೆಂಚು ಮುರಿಯುವ ಹಾಗೆ ವಾದ ಮಾಡಿದರು. ಕೆಲವರು ಟೈಲರಮ್ಮನ ಅಂಗಡಿಗೆ ಬಟ್ಟೆ ಕೊಡುವುದನ್ನು ಬಿಟ್ಟರು. ಆರು ವಾರದಲ್ಲಿ ಬೇರೆ ಟೈಲರಿನ ಕೈ ನೋಡಿ ಮರಳಿದರು. ಮಿಲ್ ಯಜಮಾನರ ಮೊಮ್ಮಗ ಹೊಸ ಕೋಟಿನ ಅಳತೆಗೆಂದು ತಾನೇ ಬಂದ. ಕೈಗಳನ್ನು ಅಗಲಿಸಿ ನಿಂತುಕೊಂಡು, "ಅಜ್ಜಿ, ನಮ್ಮ ತಾತ ಸಾಯೋವರೆಗೂ ತಮ್ಮನ್ನ ಗೆಲ್ಲಿಸಿದ್ದು ದೇವರು ಅಂತಿದ್ರು" ಎಂದ.

"ದೇವರಿಗೆ ಅವತ್ತು ಶೀತ ಆಗಿತ್ತಪ್ಪ" ಎಂದಳು ಟೈಲರಮ್ಮ, ಅವನ ಎದೆಗೆ ಟೇಪು ಸುತ್ತುತ್ತ.

ನಲವತ್ತೇಳರ ಕೊನೆಯ ದಿನ ಯಾವ ಸಮಾರಂಭವೂ ಆಗಲಿಲ್ಲ. ಸಂಜೆ ಅಂಗಡಿ ಮುಚ್ಚಿ ಇಬ್ಬರೂ ಕಚೇರಿಯ ಕಡೆ ನಡೆದರು. ಅಂಗಳದ ಬಾಗಿಲ ಮೇಲೆ ಪೇಂಟರೊಬ್ಬ ಏಣಿ ಹಾಕಿ ಹಳೇ ಅಂಕಿಯನ್ನು ಕೆರೆಯುತ್ತಿದ್ದ. ನಾಲ್ಕು ಹಾಗೇ ಉಳಿಯುತ್ತಿತ್ತು, ಏಳು ಆರಾಗುತ್ತಿತ್ತು. ಆ ಹಾಲಿನ ಕಿಟಕಿಗಳಿಗೆ ಹೊಸ ಗಾಜು ಬಂದಿತ್ತು, ಒಳಗೆ ಈಗ ಕಂಪ್ಯೂಟರುಗಳ ಸಾಲು. ಟೈಲರಮ್ಮ ಕಿಟಕಿಯ ಸರಳು ಹಿಡಿದು ಇಣುಕಿದಳು. ಅಪ್ಪ ಕೂರುತ್ತಿದ್ದ ಸ್ಟೂಲಿನ ಜಾಗ, ಕಾಗದದ ಕಟ್ಟುಗಳ ಮೇಜು, ಅಧಿಕಾರಿಯ ಕುರ್ಚಿ ಎಲ್ಲೆಲ್ಲಿತ್ತೆಂದು ಬುಡ್ಡಿಗೆ ತೋರಿಸಿದಳು. ಆ ದಿನ ಬುಡ್ಡಿ ಇಲ್ಲಿರಲಿಲ್ಲ, ಮನೆಯಲ್ಲಿ ಟ್ರಂಕು ಕಾಯುತ್ತಿದ್ದಳು.

"ನೀನು ಎಲ್ಲಿ ನಿಂತಿದ್ದೆ?"

"ಅಗೋ, ಆ ಕಂಬದ ಹತ್ತಿರ."

ಬುಡ್ಡಿ ಕಾಲ್ತುದಿಯಲ್ಲಿ ನಿಂತರೂ ಕಿಟಕಿ ಎಟುಕಲಿಲ್ಲ. ಟೈಲರಮ್ಮ ಬಗ್ಗಿ, ಗೆಳತಿಯ ಸೊಂಟ ಹಿಡಿದು ಒಂದಿಷ್ಟು ಎತ್ತಿದಳು.

"ಕಾಣ್ತಾ?"

"ಕಾಣ್ತು. ಇಳಿಸು, ನಿನ್ನ ಬೆನ್ನು ಹಿಡಿದೀತು."

"ಇನ್ನೊಂದು ಸ್ವಲ್ಪ ನೋಡು" ಎಂದಳು ಟೈಲರಮ್ಮ, ಉಸಿರು ಬಿಗಿಹಿಡಿದು.